ದಿನಾಂಕ ಮೊಬೈಲ್‌ಗೆ ಬರುತ್ತದೆ, ವಿಚಾರಣೆ ಮುಂದಕ್ಕೆ ಹೋಗುತ್ತದೆ: ನ್ಯಾಯಾಲಯಗಳ ಗಣಕೀಕರಣ ಎಲ್ಲಿ ನಿಂತಿದೆ?

ಪಾಲು ವಿಭಾಗದ ಹಳೆಯ ದಾವೆಯೊಂದರ ಸಿಎನ್‌ಆರ್ ಸಂಖ್ಯೆಯನ್ನು, ಅಂದರೆ ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಕೊಡುವ ಗುರುತಿನ ಸಂಖ್ಯೆಯನ್ನು, ನ್ಯಾಯಾಲಯಗಳ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನೋಡಿ. ಹದಿನಾರು ಅಕ್ಷರ, ಅಂಕಿಗಳನ್ನು ಒತ್ತಿದರೆ ಸಾಕು, ಪ್ರಕರಣದ ಜಾತಕವೇ ತೆರೆದುಕೊಳ್ಳುತ್ತದೆ. ದಾವೆ ಹೂಡಿದ ದಿನ, ಪ್ರತಿ ವಾಯಿದೆಯ ದಿನಾಂಕ, ಆ ದಿನ ಪ್ರಕರಣವನ್ನು ಯಾವ ಕೆಲಸಕ್ಕೆ ಇಡಲಾಗಿತ್ತು ಎಂಬ ವಿವರ ಎಲ್ಲವೂ ಅಲ್ಲಿದೆ. ಮೊದಲ ಪುಟದಲ್ಲಿ ಸಮನ್ಸ್, ಸಮನ್ಸ್, ಮತ್ತೆ ಸಮನ್ಸ್. ಆಮೇಲೆ ಪ್ರತಿವಾದ ಪತ್ರಕ್ಕೆಂದು ನಾಲ್ಕಾರು ದಿನಾಂಕಗಳು. ಮಧ್ಯಂತರ ಅರ್ಜಿಯ ವಿಚಾರಣೆ, ಅದಕ್ಕೆ ತಕರಾರು, ಅದರ ಮೇಲೆ ಆದೇಶ. ಅಷ್ಟರಲ್ಲಿ ಪ್ರತಿವಾದಿಗಳಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ. ಅವರ ವಾರಸುದಾರರನ್ನು ದಾಖಲೆಗೆ ತರಬೇಕು, ಅವರಿಗೂ ಸಮನ್ಸ್ ಹೋಗಬೇಕು. ಕೊನೆಗೂ ಸಾಕ್ಷ್ಯದ ಹಂತ ಬಂದಾಗ ‘ವಾದಿಯ ಸಾಕ್ಷ್ಯ’ ಎಂಬ ಒಂದೇ ನಮೂದು ಪರದೆಯ ಉದ್ದಕ್ಕೂ ಕಾಣಿಸುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ಈ ವಿವರವೆಲ್ಲ ಬೆಂಚ್ ಕ್ಲರ್ಕ್ ಮೇಜಿನ ಮೇಲಿನ ಡೈರಿಯಲ್ಲಿ ಇರುತ್ತಿತ್ತು. ಮುಂದಿನ ದಿನಾಂಕವನ್ನು ತಿಳಿಯಲು ಕಕ್ಷಿದಾರ ವಕೀಲರನ್ನು ಕೇಳಬೇಕಿತ್ತು, ವಕೀಲರು ಗುಮಾಸ್ತರನ್ನು ಕೇಳಬೇಕಿತ್ತು. ಇಂದು ದಿನಾಂಕ ಮೊಬೈಲ್‌ಗೇ ಬರುತ್ತದೆ. ಒಂದು ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಉಳಿದರೂ ಅದು ಬಡವನಿಗೆ ದೊಡ್ಡದು. ಇದು ನಿಜವಾದ ಸಾಧನೆ. ಆದರೆ ಇಷ್ಟು ವರ್ಷಗಳಲ್ಲಿ ನಾವು ಕಟ್ಟಿರುವುದು ಮುಖ್ಯವಾಗಿ ವಿಳಂಬವನ್ನು ಅಚ್ಚುಕಟ್ಟಾಗಿ ದಾಖಲಿಸುವ ವ್ಯವಸ್ಥೆಯನ್ನು. ಪ್ರಕರಣವನ್ನು ನಡೆಸುವ ಕೆಲಸಕ್ಕೆ ತಂತ್ರಜ್ಞಾನ ಇನ್ನೂ ಸರಿಯಾಗಿ ಕೈಹಾಕಿಲ್ಲ. ಈ ವ್ಯತ್ಯಾಸ ಅರ್ಥವಾಗದಿದ್ದರೆ ಇನ್ನೆಷ್ಟು ಸಾವಿರ ಕೋಟಿ ಸುರಿದರೂ ಆ ಪಾಲು ವಿಭಾಗದ ದಾವೆ ಅಲ್ಲೇ ಇರುತ್ತದೆ.

ಗಣಕೀಕರಣದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ದೇಶದ ನ್ಯಾಯಾಂಗಕ್ಕೆ ಮಾಹಿತಿ ತಂತ್ರಜ್ಞಾನದ ದಾರಿ ಹಾಕಿದ ಇ-ಸಮಿತಿಯ ಮೊದಲ ಅಧ್ಯಕ್ಷರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜಿ.ಸಿ. ಭರೂಕಾ. ಆ ಸಮಿತಿ 2005ರಲ್ಲಿ ಕೊಟ್ಟ ರಾಷ್ಟ್ರೀಯ ನೀತಿಯ ಆಧಾರದ ಮೇಲೆ 2007ರಲ್ಲಿ ಇ-ಕೋರ್ಟ್ಸ್ ಯೋಜನೆ ಆರಂಭವಾಯಿತು. ಮೊದಲ ಹಂತದಲ್ಲಿ ಕಂಪ್ಯೂಟರ್ ಮತ್ತು ಜಾಲ ಬಂದವು. 2015ರಿಂದ ನಡೆದ ಎರಡನೇ ಹಂತದಲ್ಲಿ ಜಾಲತಾಣ, ಆ್ಯಪ್, ಎಸ್‌ಎಂಎಸ್, ಇ-ಫೈಲಿಂಗ್ ಬಂದವು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ನಾಲ್ಕು ವರ್ಷಗಳ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ಕೊಟ್ಟಿತು. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ, ಅಂದರೆ ಎನ್‌ಜೆಡಿಜಿ, 2015ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸುಪ್ರೀಂ ಕೋರ್ಟ್ ತಾನೂ ಅದರೊಳಗೆ ಬಂದದ್ದು 2023ರಲ್ಲಿ. ಯಾವ ಜಿಲ್ಲೆಯಲ್ಲಿ ಎಷ್ಟು ಪ್ರಕರಣ ಬಾಕಿ, ಎಷ್ಟು ಹತ್ತು ವರ್ಷ ದಾಟಿವೆ, ಯಾವ ಹಂತದಲ್ಲಿ ನಿಂತಿವೆ ಎಂಬುದನ್ನು ಯಾವ ನಾಗರಿಕನೂ ಕುಳಿತಲ್ಲೇ ನೋಡಬಹುದು. ಇಷ್ಟು ತೆರೆದ ನ್ಯಾಯಾಂಗ ಅಂಕಿಅಂಶವನ್ನು ಪ್ರಕಟಿಸುವ ದೇಶಗಳು ಹೆಚ್ಚಿಲ್ಲ.

ಅದೇ ಜಾಲ ಹೇಳುವ ಕಹಿ ಸತ್ಯವೆಂದರೆ, ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಒಟ್ಟು ಐದು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ಇವುಗಳಲ್ಲಿ ಬಹುಪಾಲು ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿವೆ.

ಎಲ್ಲಿ ಸಿಕ್ಕಿಬಿದ್ದಿದೆ?

ನ್ಯಾಯಾಧೀಶರ ಕೊರತೆಯೇ ಮೂಲ ಎಂಬ ಮಾತಿನಲ್ಲಿ ಹುರುಳಿದೆ. ಹತ್ತು ಲಕ್ಷ ಜನರಿಗೆ ಐವತ್ತು ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತು. ಐದು ವರ್ಷಗಳಲ್ಲಿ ಆ ಮಟ್ಟಕ್ಕೆ ಏರಿಸಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ನಿರ್ದೇಶಿಸಿತು. ಇಂದಿಗೂ ಮಂಜೂರಾದ ಹುದ್ದೆಗಳ ಲೆಕ್ಕದಲ್ಲೇ ನಾವು ಅದರ ಅರ್ಧಕ್ಕೂ ಬಂದಿಲ್ಲ, ಆ ಹುದ್ದೆಗಳಲ್ಲೂ ಸಾವಿರಾರು ಖಾಲಿ. ಈ ಕೊರತೆಯನ್ನು ಯಾವ ತಂತ್ರಾಂಶವೂ ತುಂಬಲಾರದು. ತುಂಬುತ್ತದೆ ಎಂದು ಹೇಳುವವರನ್ನು ನಂಬಬಾರದು.

ಆದರೆ ಇರುವ ನ್ಯಾಯಾಧೀಶರ ಸಮಯ ಹೇಗೆ ಖರ್ಚಾಗುತ್ತಿದೆ ಎಂಬುದು ಬೇರೆಯೇ ಪ್ರಶ್ನೆ. ಕೆಲಸದ ಒತ್ತಡವಿರುವ ಸಿವಿಲ್ ನ್ಯಾಯಾಲಯದ ಬೆಳಗಿನ ಹೊತ್ತನ್ನು ನೋಡಿ. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನೂರರ ಆಸುಪಾಸು ಪ್ರಕರಣಗಳು. ಹನ್ನೊಂದಕ್ಕೆ ಹೆಸರು ಕರೆಯುವುದು ಶುರುವಾಗುತ್ತದೆ. ಗುಮಾಸ್ತರು ಕಡತ ಎತ್ತಿ ಕೊಡುತ್ತಾರೆ, ‘ಸಮನ್ಸ್ ಮರಳಿ ಬಂದಿಲ್ಲ’, ‘ವಕೀಲರು ಮೇಲಿನ ಕೋರ್ಟಿನಲ್ಲಿದ್ದಾರೆ’, ‘ಸಮಯ ಬೇಕು ಸ್ವಾಮಿ’ ಎಂಬ ಉತ್ತರಗಳು ಬರುತ್ತವೆ, ನ್ಯಾಯಾಧೀಶರು ಆರ್ಡರ್ ಶೀಟಿನಲ್ಲಿ ಒಂದು ಸಾಲು ಬರೆದು ಮುಂದಿನ ದಿನಾಂಕ ಕೊಡುತ್ತಾರೆ. ಮಧ್ಯಾಹ್ನದ ಊಟದವರೆಗಿನ ಸಮಯದ ದೊಡ್ಡ ಭಾಗ ಇದಕ್ಕೇ ಹೋಗುತ್ತದೆ. ಸಾಕ್ಷಿಯ ಪಾಟೀಸವಾಲು, ಅಂತಿಮ ವಾದ ಮುಂತಾಗಿ ಕಾನೂನು ಕಲಿತವರೇ ಮಾಡಬೇಕಾದ ಕೆಲಸಕ್ಕೆ ಮಿಕ್ಕ ಸಮಯ.

ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ ಐದೂವರೆ ಗಂಟೆ ಕಲಾಪ ನಡೆಯುತ್ತದೆ ಎಂದುಕೊಂಡರೆ 330 ನಿಮಿಷ. ನೂರು ಪ್ರಕರಣಕ್ಕೆ ಹಂಚಿದರೆ ಒಂದಕ್ಕೆ ಮೂರು ನಿಮಿಷ ಚಿಲ್ಲರೆ. ಒಬ್ಬ ಸಾಕ್ಷಿಯ ಪಾಟೀಸವಾಲಿಗೆ ಒಂದೆರಡು ಗಂಟೆ ಬೇಕಾಗುತ್ತದೆ. ಅಂದರೆ ಆ ಪಟ್ಟಿಯನ್ನು ಸಿದ್ಧಪಡಿಸುವಾಗಲೇ ಅದರಲ್ಲಿನ ಬಹುಪಾಲು ಪ್ರಕರಣಗಳು ಮುಂದಕ್ಕೆ ಹೋಗುವುದು ನಿಶ್ಚಯವಾಗಿರುತ್ತದೆ. ಇದು ವಕೀಲರಿಗೂ ಗೊತ್ತು. ಹಾಗಾಗಿ ಸಿದ್ಧರಾಗಿ ಬರುವುದು ವ್ಯರ್ಥವೆಂಬ ಭಾವನೆ ಬೆಳೆಯುತ್ತದೆ, ಒಂದೇ ದಿನ ನಾಲ್ಕು ಕೋರ್ಟುಗಳಲ್ಲಿ ಪ್ರಕರಣ ಒಪ್ಪಿಕೊಳ್ಳುವುದು ಸಹಜವಾಗುತ್ತದೆ. ಸಾಕ್ಷಿ ಮೂರು ಸಲ ಬಂದು ಬರಿಗೈಯಲ್ಲಿ ಹೋದ ಮೇಲೆ ನಾಲ್ಕನೇ ಸಲ ಬರುವುದಿಲ್ಲ. ಆಗ ಪ್ರಕರಣ ನಿಜವಾಗಿಯೂ ನಡೆಸಲಾಗದ ಸ್ಥಿತಿಗೆ ಬರುತ್ತದೆ. ವಿಳಂಬವೇ ಹೊಸ ವಿಳಂಬವನ್ನು ಹುಟ್ಟಿಸುವುದು ಹೀಗೆ.

ತಂತ್ರಜ್ಞಾನ ಮೊದಲು ಹೋಗಬೇಕಾದ ಜಾಗ ಇದೇ, ದಿನಾಂಕ ಕೊಡುವ ಈ ಕ್ಷಣಕ್ಕೆ. ಯಾವ ಪ್ರಕರಣದಲ್ಲಿ ಎಷ್ಟು ಸಾಕ್ಷಿಗಳು, ಇದೇ ಬಗೆಯ ಪ್ರಕರಣದಲ್ಲಿ ಒಬ್ಬ ಸಾಕ್ಷಿಗೆ ಸರಾಸರಿ ಎಷ್ಟು ಸಮಯ ಹಿಡಿದಿದೆ, ಈ ವಕೀಲರಿಗೆ ಆ ದಿನ ಬೇರೆ ಯಾವ ಕೋರ್ಟಿನಲ್ಲಿ ಪ್ರಕರಣವಿದೆ ಎಂಬುದಕ್ಕೆ ಬೇಕಾದ ದತ್ತಾಂಶ ಹನಿಹನಿಯಾಗಿ ನಮ್ಮಲ್ಲೇ ಸೇರಿದೆ. ಅದನ್ನು ಬಳಸಿ ಒಂದು ದಿನಕ್ಕೆ ನಿಜವಾಗಿಯೂ ಕೇಳಬಹುದಾದಷ್ಟೇ ಪ್ರಕರಣಗಳನ್ನು ಪಟ್ಟಿಗೆ ಹಾಕಬಹುದು. ಸಮನ್ಸ್, ಹಾಜರಾತಿ, ಪ್ರತಿವಾದ ಪತ್ರ ಮುಂತಾದ ವಾಡಿಕೆಯ ಹಂತಗಳು ನ್ಯಾಯಾಧೀಶರ ಪೀಠದ ಮುಂದೆ ಬರಲೇಬೇಕಾಗಿಲ್ಲ. ಅವು ಶಿರಸ್ತೇದಾರರ ಮಟ್ಟದಲ್ಲಿ, ಆನ್‌ಲೈನಿನಲ್ಲಿ ಮುಗಿದು, ಪ್ರಕರಣ ವಿಚಾರಣೆಗೆ ಸಿದ್ಧವಾದ ಮೇಲೆಯೇ ಪೀಠಕ್ಕೆ ಬರಬೇಕು.

ನಿಯಮವಿದೆ, ಜವಾಬ್ದಾರರಿಲ್ಲ

ಇದಕ್ಕೆ ಹೊಸ ಕಾನೂನು ಬೇಕೆಂದೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ, ಅಂದರೆ ಮುಂದೂಡಿಕೆ, ಕೊಡುವಂತಿಲ್ಲ. ಪ್ರತಿವಾದ ಪತ್ರಕ್ಕೆ 30 ದಿನ, ಹೆಚ್ಚೆಂದರೆ 90 ದಿನ. ಅಪರಿಹಾರ್ಯ ಕಾರಣವಿದ್ದರೆ ಈ ಮಿತಿಗಳನ್ನು ಸಡಿಲಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿತು. ಅದು ವಿವೇಕದ ಮಾತು, ಆದರೆ ಅಪವಾದಕ್ಕೆಂದು ತೆರೆದ ಬಾಗಿಲಲ್ಲಿ ಎಲ್ಲ ಪ್ರಕರಣಗಳೂ ನುಗ್ಗಿದವು. ಅದೇ ವ್ಯಾಜ್ಯದಲ್ಲಿ ಪ್ರಕರಣಗಳ ಸ್ವರೂಪ ನೋಡಿ ಬೇರೆಬೇರೆ ಗತಿಯ ಸಾಲುಗಳಲ್ಲಿ ಹಾಕುವ ಮಾದರಿ ನಿಯಮಗಳೂ ಬಂದವು. ಕರ್ನಾಟಕದಲ್ಲಿ ಅಧೀನ ನ್ಯಾಯಾಲಯಗಳ ಪ್ರಕರಣ ನಿರ್ವಹಣೆಗೆಂದೇ 2005ರ ನಿಯಮಗಳಿವೆ. ಕಾಗದದ ಮೇಲೆ ನಾವು ಹಿಂದೆ ಬಿದ್ದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕ್ರಿಮಿನಲ್ ಪ್ರಕರಣಗಳಲ್ಲೂ ವಾಯಿದೆಗೆ ಎರಡರ ಮಿತಿ ಹಾಕಿದೆ, ವಿಚಾರಣೆಯನ್ನು ವಿದ್ಯುನ್ಮಾನ ವಿಧಾನದಲ್ಲಿ ನಡೆಸಲು ಅವಕಾಶ ಕೊಟ್ಟಿದೆ.

ಮೂರನೇ ವಾಯಿದೆ ಮುಗಿದಿದೆ ಎಂದು ಯಂತ್ರ ಎಣಿಸಬಲ್ಲದು. ಎಣಿಸಿದ ಮೇಲೆ ಏನಾಗಬೇಕು ಎಂಬುದನ್ನು ಮನುಷ್ಯರು ಗೊತ್ತುಮಾಡಬೇಕು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಜಾಮೀನಿನ ವಿಷಯದಲ್ಲಿದೆ. 2021ರ ಜುಲೈನಲ್ಲಿ ಆಗ್ರಾದ ಜೈಲಿನಲ್ಲಿದ್ದ 13 ಕೈದಿಗಳಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು, ಆದರೆ ಆದೇಶದ ಪ್ರತಿ ತಲುಪಿಲ್ಲವೆಂದು ಅವರು ದಿನಗಟ್ಟಲೆ ಒಳಗೇ ಉಳಿದರು. ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ಫಲವಾಗಿ ಆದೇಶಗಳನ್ನು ಸುರಕ್ಷಿತವಾಗಿ ಜೈಲಿಗೆ ನೇರವಾಗಿ ಕಳುಹಿಸುವ ‘ಫಾಸ್ಟರ್’ ವ್ಯವಸ್ಥೆ 2022ರ ಮಾರ್ಚ್‌ನಲ್ಲಿ ಬಂತು. ಇನ್ನೂ ಮುಖ್ಯವಾದುದು 2023ರ ಜನವರಿಯಲ್ಲಿ ಬಂದ ನಿರ್ದೇಶನ: ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳುಹಿಸಬೇಕು, ಜೈಲಿನ ತಂತ್ರಾಂಶದಲ್ಲಿ ಜಾಮೀನಿನ ದಿನಾಂಕ ನಮೂದಾಗಬೇಕು, ಏಳು ದಿನಗಳಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಶ್ಯೂರಿಟಿ ಕೊಡಲಾಗದ ಬಡವನ ಬಗ್ಗೆ ಮುಂದೆ ಏನು ಮಾಡಬೇಕೆಂದು ನೋಡುವುದು ಆ ಕಾರ್ಯದರ್ಶಿಯ ಹೊಣೆ. ಇಲ್ಲಿ ದಿನಾಂಕಕ್ಕೆ ಒಂದು ಗಡುವು ಅಂಟಿದೆ, ಗಡುವಿಗೆ ಒಬ್ಬ ಅಧಿಕಾರಿ ಅಂಟಿದ್ದಾರೆ. ಕಾರಾಗೃಹಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ ಆಗಿರುವ ದೇಶದಲ್ಲಿ ಈ ಸಣ್ಣ ಏರ್ಪಾಡಿನ ಬೆಲೆ ದೊಡ್ಡದು. ಸಮನ್ಸ್‌ಗೂ ವಾರಸುದಾರರ ಅರ್ಜಿಗೂ ವಿಧಿವಿಜ್ಞಾನ ಪ್ರಯೋಗಾಲಯದ ವರದಿಗೂ ಇದೇ ರೀತಿ ಹೊಣೆಗಾರರನ್ನು ಗುರುತಿಸಬಹುದು.

ಸಮನ್ಸ್ ಜಾರಿಯನ್ನೇ ನೋಡೋಣ. ಸಮನ್ಸ್ ತಲುಪಿಸುವ ನ್ಯಾಯಾಲಯದ ಸಿಬ್ಬಂದಿಯಾದ ಅಮೀನರು ಮನೆ ಹುಡುಕಿಕೊಂಡು ಹೋಗಿ ‘ಬಾಗಿಲು ಹಾಕಿತ್ತು’ ಎಂದು ಬರೆದು ತಂದರೆ ಅದು ನಿಜವೋ ಅಲ್ಲವೋ ತಿಳಿಯುವ ದಾರಿ ಇರಲಿಲ್ಲ. ಈಗ ಎನ್‌ಸ್ಟೆಪ್ ಎಂಬ ವ್ಯವಸ್ಥೆಯಲ್ಲಿ ಅಮೀನರ ಮೊಬೈಲ್‌ನಲ್ಲೇ ಸ್ಥಳದ ಜಿಪಿಎಸ್ ಗುರುತು, ಫೋಟೊ, ಸಹಿ ದಾಖಲಾಗುತ್ತವೆ. ಒಂದು ಜಿಲ್ಲೆಯ ಸಮನ್ಸ್ ಇನ್ನೊಂದು ರಾಜ್ಯಕ್ಕೆ ಅಂಚೆಯಲ್ಲಿ ಅಲೆಯಬೇಕಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಇ-ಮೇಲ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಜಾರಿಗೂ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ಇಲ್ಲಿ ಒಂದು ಎಚ್ಚರ ಬೇಕು. ಪೊಲೀಸರು ಆರೋಪಿಗೆ ಕೊಡುವ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು ಎಂದು ಅದೇ ನ್ಯಾಯಾಲಯ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆ ನೋಟಿಸಿಗೆ ಓಗೊಡದಿದ್ದರೆ ಬಂಧನವಾಗಬಹುದು. ಅಂಥ ಕಡೆ ವೇಗಕ್ಕಿಂತ ಖಾತರಿ ಮುಖ್ಯ. ಹಣದ ವ್ಯಾಜ್ಯಕ್ಕೆ ಸರಿಯಾದದ್ದು ಸ್ವಾತಂತ್ರ್ಯದ ಪ್ರಶ್ನೆಗೆ ಸರಿಯಾಗಬೇಕೆಂದಿಲ್ಲ.

ಯಂತ್ರಕ್ಕೆ ಹೇಳಿಮಾಡಿಸಿದ ಪ್ರಕರಣಗಳೂ ಇವೆ. ಸಂಚಾರ ದಂಡಕ್ಕೆಂದು 2019ರಲ್ಲಿ ದೆಹಲಿಯಲ್ಲಿ ಆರಂಭವಾದ ವರ್ಚುವಲ್ ಕೋರ್ಟ್ ಹಲವು ರಾಜ್ಯಗಳಿಗೆ ಹರಡಿತು. ಚೆಕ್ ಅಮಾನ್ಯ ಪ್ರಕರಣಗಳಿಗೆ ಕೇರಳದ ಕೊಲ್ಲಂನಲ್ಲಿ 2024ರ ನವೆಂಬರಿನಿಂದ ಹಗಲು ರಾತ್ರಿ ತೆರೆದಿರುವ ಆನ್‌ಲೈನ್ ನ್ಯಾಯಾಲಯ ಕೆಲಸ ಮಾಡುತ್ತಿದೆ. ಚೆಕ್ ಪ್ರಕರಣಗಳ ಸಂಖ್ಯೆ ಎಷ್ಟಿತ್ತೆಂದರೆ, 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಇವೇ ಆಗಿದ್ದವು. ದಾಖಲೆಗಳ ಮೇಲೆಯೇ ಬಹುಮಟ್ಟಿಗೆ ನಿಂತ ಇಂಥ ಪ್ರಕರಣಗಳನ್ನು ಕೋರ್ಟಿನ ಹಾಲ್‌ನಿಂದ ಹೊರಗೆ ತಂದರೆ ಮ್ಯಾಜಿಸ್ಟ್ರೇಟರಿಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ದಂಡದ ರಸೀದಿಗಳ ಲೆಕ್ಕ ‘ಇತ್ಯರ್ಥ’ದ ಅಂಕಿಯನ್ನು ಉಬ್ಬಿಸುತ್ತದೆ ಎಂಬುದನ್ನು ನೆನಪಿಡಬೇಕು. ನ್ಯಾಯಾಧೀಶರ ಕೆಲಸವನ್ನು ಯೂನಿಟ್‌ಗಳಲ್ಲಿ ಅಳೆಯುವ ಪದ್ಧತಿ ನಮ್ಮಲ್ಲಿದೆ. ಎಣಿಕೆಯೇ ಮಾನದಂಡವಾದಾಗ ಸುಲಭದ ಪ್ರಕರಣ ಮೇಲೆ ಬರುತ್ತದೆ, ಇಪ್ಪತ್ತು ವರ್ಷದ ಜಟಿಲ ದಾವೆ ಕಪಾಟಿನ ತಳಕ್ಕೆ ಇಳಿಯುತ್ತದೆ.

ಸಾಕ್ಷಿಯ ಮಾತು, ಯಂತ್ರದ ಕಿವಿ

ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ಎಲ್ಲರೂ ಮಾತನಾಡುತ್ತಿದ್ದಾರೆ. ನನ್ನ ಮಟ್ಟಿಗೆ ಅದರ ಅತ್ಯಂತ ಉಪಯುಕ್ತ ಕೆಲಸ ತೀರ್ಪು ಬರೆಯುವುದಲ್ಲ, ಸಾಕ್ಷಿಯ ಹೇಳಿಕೆಯನ್ನು ಅಕ್ಷರಕ್ಕೆ ಇಳಿಸುವುದು. ಇಂದಿನ ಪದ್ಧತಿಯಲ್ಲಿ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕೇಳಿ, ವಾಕ್ಯ ಮಾಡಿ, ಬೆರಳಚ್ಚುಗಾರರಿಗೆ ಹೇಳಿ ಬರೆಯಿಸುತ್ತಾರೆ. ಪ್ರತಿ ಉತ್ತರವೂ ಎರಡು ಸಲ ನುಡಿಯಲ್ಪಡುತ್ತದೆ. ಬೆರಳಚ್ಚುಗಾರರು ರಜೆಯಲ್ಲಿದ್ದರೆ ಸಾಕ್ಷ್ಯವೇ ಮುಂದಕ್ಕೆ ಹೋಗುವುದುಂಟು. ಕೇರಳ 2025ರ ನವೆಂಬರ್‌ನಿಂದ ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷ್ಯ ದಾಖಲಿಸಲು ಧ್ವನಿಯನ್ನು ಬರಹವಾಗಿಸುವ ತಂತ್ರಾಂಶದ ಬಳಕೆಯನ್ನು ಕಡ್ಡಾಯ ಮಾಡಿತು.

ಕನ್ನಡಕ್ಕೆ ಇದು ಬರಬೇಕು, ಆದರೆ ನಮ್ಮ ಕನ್ನಡಕ್ಕೆ ಬರಬೇಕು. ಸುದ್ದಿವಾಚಕರ ಕನ್ನಡವನ್ನು ಕೇಳಿ ಕಲಿತ ಯಂತ್ರ ಕಲಬುರಗಿಯ ರೈತ ಮಹಿಳೆಯ ಮಾತನ್ನೂ ಕುಂದಾಪುರದ ಮೀನುಗಾರನ ಮಾತನ್ನೂ ಅಷ್ಟೇ ಸರಿಯಾಗಿ ಹಿಡಿಯುತ್ತದೆಯೇ? ಕೊನೆಯ ಅಕ್ಷರ ನುಂಗಿಹೋದರೆ ‘ಕೊಟ್ಟಿಲ್ಲ’ ಎಂಬುದು ‘ಕೊಟ್ಟೆ’ ಆಗಬಹುದು, ಜಮೀನೇ ಕೈತಪ್ಪಬಹುದು. ದಾಖಲಾದ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕೆಂಬ ನಿಯಮ ಹಳೆಯದು. ಯಂತ್ರ ಬಂದ ಮೇಲೆ ಅದನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕು, ಮೂಲ ಧ್ವನಿಮುದ್ರಣವನ್ನು ಮೇಲ್ಮನವಿ ಮುಗಿಯುವವರೆಗೆ ಉಳಿಸಬೇಕು. ರಾಜ್ಯದ ಎಲ್ಲ ಭಾಗಗಳ ಮಾತಿನ ಮೇಲೆ ಪರೀಕ್ಷೆ ನಡೆಸಿ ತಪ್ಪಿನ ಪ್ರಮಾಣವನ್ನು ಪ್ರಕಟಿಸದೆ ಇಂಥ ತಂತ್ರಾಂಶವನ್ನು ಒಂದು ನ್ಯಾಯಾಲಯಕ್ಕೂ ಬಿಡಬಾರದು.

ತೀರ್ಪಿನ ಹತ್ತಿರ ಯಂತ್ರ ಬಂದರೆ ಏನಾಗಬಹುದು ಎಂಬುದರ ಸೂಚನೆ ಬೆಂಗಳೂರಿನಲ್ಲೇ ಸಿಕ್ಕಿದೆ. ಇಲ್ಲಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಿಸಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂಬುದನ್ನು 2025ರಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೇಳಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಂಗಕ್ಕೆ ಹೊರಡಿಸಿದ ನೀತಿಯಲ್ಲಿ ತೀರ್ಮಾನ, ಪರಿಹಾರ, ಆದೇಶಗಳಿಗೆ ಕೃತಕ ಬುದ್ಧಿಮತ್ತೆಯನ್ನು ಬಳಸಬಾರದೆಂದು ಗೆರೆ ಎಳೆಯಿತು. ಆ ಗೆರೆ ಸರಿಯಾದ ಜಾಗದಲ್ಲಿದೆ.

ಡಿಕ್ರಿ ಬಂದ ಮೇಲೂ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ನಮ್ಮ ಗಾದೆ ಹೆಚ್ಚು ಸತ್ಯವಾಗುವುದು ಅಮಲ್ಜಾರಿಯ ಹಂತದಲ್ಲಿ, ಅಂದರೆ ಕೋರ್ಟ್ ಕೊಟ್ಟ ಡಿಕ್ರಿಯನ್ನು ಜಾರಿಗೆ ತರುವ ಹಂತದಲ್ಲಿ. ಹದಿನೈದು ವರ್ಷ ಹೋರಾಡಿ ಡಿಕ್ರಿ ಪಡೆದವರು ಅದನ್ನು ಜಾರಿ ಮಾಡಿಸಲು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ನಿರ್ದೇಶಿಸಿತು. ಪಾಲನೆಯಾಗಿದೆಯೇ ಎಂದು 2025ರಲ್ಲಿ ಹೈಕೋರ್ಟುಗಳಿಂದ ಲೆಕ್ಕ ಕೇಳಿದಾಗ ದೇಶದಾದ್ಯಂತ 8.82 ಲಕ್ಷ ಅಮಲ್ಜಾರಿ ಅರ್ಜಿಗಳು ಬಾಕಿ ಇರುವುದು ತಿಳಿಯಿತು. ಆ ಲೆಕ್ಕದಲ್ಲಿ ಕರ್ನಾಟಕದ ಅಂಕಿ ಇರಲಿಲ್ಲ; ರಾಜ್ಯದಿಂದ ಮಾಹಿತಿ ಬಂದಿಲ್ಲವೆಂದು ನ್ಯಾಯಾಲಯ ವಿವರಣೆ ಕೇಳಿತು. ಗಣಕೀಕರಣಕ್ಕೆ ನಾಂದಿ ಹಾಡಿದ ರಾಜ್ಯವಿದು. ಬೆರಳ ತುದಿಯಲ್ಲಿ ಇರಬೇಕಾಗಿದ್ದ ಮಾಹಿತಿ ಕೇಳಿದ ದಿನ ಸಿಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದೆ.

ಮೂರನೇ ಹಂತದ ಹಣ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದರೆ ಆದ್ಯತೆ ಅರ್ಥವಾಗುತ್ತದೆ. 7,210 ಕೋಟಿಯಲ್ಲಿ ಅತಿ ದೊಡ್ಡ ಭಾಗ, 2,038 ಕೋಟಿ ರೂಪಾಯಿ, ಹಳೆಯ ಮತ್ತು ಹೊಸ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಿಡಲು. ಕ್ಲೌಡ್ ಸೌಕರ್ಯಕ್ಕೆ 1,205 ಕೋಟಿ. ಕಡತ ಕಳೆದುಹೋಗಿ ಮೇಲ್ಮನವಿ ವರ್ಷಗಟ್ಟಲೆ ನಿಂತದ್ದನ್ನು ಕಂಡವರಿಗೆ ಸ್ಕ್ಯಾನಿಂಗಿನ ಬೆಲೆ ಗೊತ್ತು, ಅದು ಆಗಲೇಬೇಕು. ಆದರೆ ಸ್ಕ್ಯಾನ್ ಆದ ಕಡತ ತಾನಾಗಿ ಮುಂದೆ ಚಲಿಸುವುದಿಲ್ಲ. ಸಿಂಗಪುರದ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿ 1990ರ ದಶಕದ ಆರಂಭದಲ್ಲಿ ಮುಖ್ಯ ನ್ಯಾಯಮೂರ್ತಿ ಯೋಂಗ್ ಪುಂಗ್ ಹೌ ಅವರ ಕಾಲದಲ್ಲಿ ಮೊದಲು ವಾಯಿದೆಗೆ ಕಡಿವಾಣ ಬಿತ್ತು, ವಿಚಾರಣೆಗೆ ಮುಂಚಿನ ಸಭೆಗಳು ಕಡ್ಡಾಯವಾದವು, ಬಾಕಿ ಕರಗಿತು. ವಿದ್ಯುನ್ಮಾನ ಫೈಲಿಂಗ್ ಕಡ್ಡಾಯವಾದದ್ದು ಆಮೇಲೆ, 2000ದಲ್ಲಿ. ನಮ್ಮ ವಾಣಿಜ್ಯ ನ್ಯಾಯಾಲಯಗಳ 2015ರ ಕಾಯ್ದೆಯಲ್ಲೂ ಪ್ರಕರಣ ನಿರ್ವಹಣಾ ಸಭೆ ನಡೆಸಿ, ಸಾಕ್ಷ್ಯ ಮತ್ತು ವಾದದ ವೇಳಾಪಟ್ಟಿಯನ್ನು ಮೊದಲೇ ಗೊತ್ತುಮಾಡುವ ಏರ್ಪಾಡಿದೆ. ಕೋಟಿ ರೂಪಾಯಿಯ ವ್ಯವಹಾರದ ವ್ಯಾಜ್ಯಕ್ಕೆ ಇರುವ ಈ ಶಿಸ್ತು ಎರಡು ಎಕರೆ ಹೊಲದ ವ್ಯಾಜ್ಯಕ್ಕೆ ಏಕೆ ಇರಬಾರದು?

ಈ ವೇಳಾಪಟ್ಟಿಯನ್ನು ನ್ಯಾಯಾಧೀಶರೊಬ್ಬರೇ ಕುಳಿತು ಹಾಕಲು ಆಗದು, ಹಾಕಬೇಕಾಗಿಯೂ ಇಲ್ಲ. ಈ ಬಗೆಯ ಆಡಳಿತ ಕೆಲಸಕ್ಕೆಂದೇ 13ನೇ ಹಣಕಾಸು ಆಯೋಗ ನ್ಯಾಯಾಲಯ ವ್ಯವಸ್ಥಾಪಕರ ಹುದ್ದೆಗಳಿಗೆ 300 ಕೋಟಿ ರೂಪಾಯಿ ಕೊಟ್ಟಿತ್ತು. ಅನುದಾನದ ಅವಧಿ ಮುಗಿದ ಮೇಲೆ ಹಲವು ಕಡೆ ಅವರ ನೌಕರಿಯೇ ತೂಗಾಡಿತು. ಅವರನ್ನು ಕಾಯಂಗೊಳಿಸುವ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ತಂತ್ರಾಂಶ ಕೊಡುವ ಎಚ್ಚರಿಕೆಯನ್ನು ಓದಿ, ಅಮೀನರಿಗೆ ಫೋನ್ ಮಾಡಿ, ಪ್ರಯೋಗಾಲಯಕ್ಕೆ ಪತ್ರ ಬರೆದು, ಸಾಕ್ಷಿ ಬರುತ್ತಾರೆಯೇ ಎಂದು ಹಿಂದಿನ ದಿನವೇ ಖಚಿತಪಡಿಸಿಕೊಳ್ಳುವ ಒಬ್ಬ ವ್ಯಕ್ತಿ ಪ್ರತಿ ನ್ಯಾಯಾಲಯ ಸಂಕೀರ್ಣದಲ್ಲೂ ಇರಬೇಕು. ಅಂಥವರ ಸಂಬಳ ಸ್ಕ್ಯಾನಿಂಗಿನ ವೆಚ್ಚದ ಮುಂದೆ ದೊಡ್ಡದಲ್ಲ.

ಅದರ ಜೊತೆಗೆ ಎನ್‌ಜೆಡಿಜಿಯ ಮುಖಪುಟದಲ್ಲಿ ಬಾಕಿ ಮತ್ತು ಇತ್ಯರ್ಥದ ಪಕ್ಕದಲ್ಲೇ ಇನ್ನೊಂದು ಅಂಕಿ ದಿನವೂ ಕಾಣಿಸಬೇಕು. ಇಂದು ಪ್ರತಿ ನ್ಯಾಯಾಲಯದ ಪಟ್ಟಿಯಲ್ಲಿದ್ದ ಪ್ರಕರಣಗಳಲ್ಲಿ ಎಷ್ಟರಲ್ಲಿ, ಪಟ್ಟಿಯಲ್ಲಿ ಬರೆದ ಕೆಲಸ ನಿಜವಾಗಿ ನಡೆಯಿತು? ನಡೆಯದಿದ್ದರೆ ಯಾರ ಕಾರಣಕ್ಕೆ: ವಕೀಲರೋ, ಪೊಲೀಸರೋ, ಸರ್ಕಾರಿ ಇಲಾಖೆಯೋ, ಪೀಠ ಖಾಲಿಯೋ? ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ ಆಗಿರುವುದರಿಂದ ಇಲಾಖೆವಾರು ಲೆಕ್ಕ ಹೊರಬಂದರೆ ಕೆಲವು ಕಚೇರಿಗಳು ಉತ್ತರ ಕೊಡಲೇಬೇಕಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಬೆಂಚ್ ಕ್ಲರ್ಕ್ ದಿನವೂ ಸಂಜೆ ಮುಂದಿನ ದಿನಾಂಕ ನಮೂದಿಸುವ ಅದೇ ಪರದೆಯಲ್ಲಿ ಒಂದು ಕಾಲಂ ಸೇರಿಸಿ, ಅದನ್ನು ಭರ್ತಿ ಮಾಡುವುದನ್ನು ಕಡ್ಡಾಯಗೊಳಿಸಿ, ಭರ್ತಿಯಾದದ್ದನ್ನು ಮರುದಿನ ಬೆಳಗ್ಗೆ ಸಾರ್ವಜನಿಕರಿಗೆ ತೋರಿಸಿದರೆ ಸಾಕು.